ರಟ್ಟು ಹರಿದ ಹಿರಿಯರು

ಹಾಲಮ್ಮ ಎಂಬ ಹೆಂಗಸು ನನಗೆ ಮೂರು ವರ್ಷ ಎಡೆ ಇಟ್ಟಳು. ಮಹಾಲಯ ಅಮಾವಾಸ್ಯೆಯಂದು ತೀರಿಕೊಂಡ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕಾಯುತ್ತಾರಲ್ಲ, ಆ ಎಡೆ. ಆ ಮೂರು ವರ್ಷವೂ ನಾನು ವಿನೋಬನಗರದ ನನ್ನ ಮನೆಯಲ್ಲಿ ಬಿ.ಪಿ. ಮಾತ್ರೆ ನುಂಗುತ್ತ, ಪೇಪರ್ ತಡವಾಗಿ ತಂದವನನ್ನು ಬೈಯುತ್ತ ಗುಂಡುಕಲ್ಲಿನ ಹಾಗೆ ಇದ್ದೆ. ಈಗ ಅವಳಿಲ್ಲ, ನಾನಿದ್ದೇನೆ. ಅವಳ ಬದುಕನ್ನು ಬರೆಯುತ್ತೇನೆಂದು ಮಾತು ಕೊಟ್ಟಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ ಹೇಳಿ ಮುಗಿಸುತ್ತೇನೆ. ನನ್ನ ವಿಷಯ ಹೇಳುವುದು ನನಗೆ ಚೆನ್ನಾಗಿ ಅಭ್ಯಾಸವಾಗಿದೆ. ಹೆಸರು ಷಡಕ್ಷರಪ್ಪ. ಸರ್ವೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಸರಪಳಿ ಎಳೆಸಿ ಊರವರ ಜಮೀನಿನ ಗಡಿ ಅಳೆದೆ. ಎಪ್ಪತ್ತು ತುಂಬಿದಾಗ ನನ್ನ ಜೀವನಕಥೆಯನ್ನು ನಾನೇ ಬರೆದು, ನಾನೇ ಅಚ್ಚು ಹಾಕಿಸಿ, ಒಂದು ಸಮಾರಂಭ ಮಾಡಿ, ಬಂದವರಿಗೆಲ್ಲ ಸಹಿ ಹಾಕಿ ಗೌರವ ಪ್ರತಿ ಕೊಟ್ಟೆ. ನಮ್ಮೂರಿನ ನಿವೃತ್ತರಿಗೆ ಇದೊಂದು ಚಟ. ಒಬ್ಬರ ಗೌರವ ಪ್ರತಿಯನ್ನು ಇನ್ನೊಬ್ಬರು ಎರಡೂ ಕೈಯಲ್ಲಿ ಇಸಿದುಕೊಂಡು, ಕಣ್ಣಿಗೆ ಒತ್ತಿಕೊಂಡು, ಮನೆಗೆ ಹೋಗಿ ಟಿ.ವಿ. ಸ್ಟ್ಯಾಂಡಿನ ಕೆಳಗೆ ತುರುಕುತ್ತಾರೆ. ಓದುವವರು ಯಾರೂ ಇಲ್ಲ. ನಾನೂ ಯಾರದ್ದನ್ನೂ ಓದಿದವನಲ್ಲ.

ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷದ ಬೇಸಿಗೆಯಲ್ಲಿ ಒಂದು ಹಳೇ ಫ್ಯಾನು ಹಾಕಿಬರೋಣವೆಂದು ರವೀಂದ್ರನಗರದ ಓಬಯ್ಯನ ಗುಜರಿ ಅಂಗಡಿಗೆ ಹೋದೆ. ತಕ್ಕಡಿ ಪಕ್ಕದ ರದ್ದಿ ಕಟ್ಟಿನಿಂದ ನನ್ನದೇ ಮುಖ ನನ್ನನ್ನು ನೋಡುತ್ತಿತ್ತು. ತೆಗೆದು ನೋಡಿದರೆ ಒಳಗೆ ನನ್ನ ಕೈಬರಹದಲ್ಲಿ 'ಆತ್ಮೀಯ ನರಸಿಂಹಮೂರ್ತಿಯವರಿಗೆ' ಎಂದಿತ್ತು. ನಲವತ್ತು ವರ್ಷದ ಸ್ನೇಹಿತ! ಪುಸ್ತಕದ ಬೆನ್ನು ಕೂಡ ಬಾಗಿರಲಿಲ್ಲ. ನನ್ನ ಮುಖ ನೋಡಿ ಓಬಯ್ಯ ಸಮಾಧಾನ ಮಾಡಲು ಹೊರಟ. ಇದೊಂದೇ ಅಲ್ಲ, ನಿಮ್ಮವು ಐದಾರು ವರ್ಷದಿಂದ ಬರುತ್ತಲೇ ಇವೆ, ಹೋದ ವಾರವೂ ಒಂದಿಷ್ಟು ಭದ್ರಾವತಿ ಕಡೆಯ ರಟ್ಟಿನ ಮಿಲ್ಲಿಗೆ ಹೋದವು ಎಂದ. ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ಭದ್ರಾವತಿ ಬಸ್ಸು ಹತ್ತಿದೆ.

ಊರಾಚೆಯ ಸಣ್ಣ ಮಿಲ್ಲು ಅದು. ರದ್ದಿಯನ್ನು ನೀರಿನಲ್ಲಿ ಕೊಳೆಸಿ, ಅರೆದು, ರಟ್ಟು ಮಾಡುತ್ತಾರೆ. ಅರೆಯುವ ಮೊದಲು ಶೆಡ್ಡಿನಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತು ಕಾಗದ ಬಿಡಿಸುತ್ತಾರೆ. ಪುಸ್ತಕ ಕೈಗೆ ಬಂದರೆ ಮೊದಲು ಹೊರಗಿನ ರಟ್ಟನ್ನು ಹರಿದು ಪಕ್ಕಕ್ಕೆ ಎಸೆಯಬೇಕು, ಅದರ ಮೇಲಿನ ಪ್ಲಾಸ್ಟಿಕ್ ಪೊರೆ ನೀರಿನಲ್ಲಿ ಕರಗುವುದಿಲ್ಲ. ಅದರ ಜೊತೆಗೆ ಅಂಟಿಕೊಂಡ ಮೊದಲ ನಾಲ್ಕು ಹಾಳೆ, ಕೊನೆಯ ನಾಲ್ಕು ಹಾಳೆಯೂ ಹೋಗುತ್ತವೆ. ಆಮೇಲೆ ಕತ್ತಿಯಿಂದ ಬೆನ್ನು ಸೀಳುತ್ತಾರೆ. ಬರೆದವನ ಹೆಸರು, ಭಾವಚಿತ್ರ, ಮುನ್ನುಡಿ, ಅರ್ಪಣೆ ಎಲ್ಲ ಒಂದೇ ಏಟಿಗೆ ಹೋಗಿ ಬರೀ ಬದುಕು ಉಳಿಯುತ್ತದೆ. ಶೆಡ್ಡಿನಲ್ಲಿ ಧೂಳು ಎಷ್ಟಿತ್ತೆಂದರೆ ಬಾಗಿಲಲ್ಲೇ ನನಗೆ ಕೆಮ್ಮು ಹತ್ತಿತು.

ಊಟದ ಹೊತ್ತು. ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಐವತ್ತು ದಾಟಿದ, ಕಡ್ಡಿಯ ಹಾಗಿದ್ದ ಒಬ್ಬಳು ಅವರಿಗೆಲ್ಲ ಏನೋ ಹೇಳುತ್ತಿದ್ದಳು. ಅವಳೇ ಹಾಲಮ್ಮ. ಯಾರೋ ಒಬ್ಬ ಸರ್ವೆಯವನು ಸೋಗಾನೆ ಹತ್ತಿರ ಹೊಲ ಅಳೆಯಲು ಬೆಳಗಿನ ಜಾವ ಹೋದನಂತೆ. ಹಿಂದಿನ ಸಂಜೆ ಹುಲ್ಲಿನ ಮೇಲೆ ಬಿಟ್ಟಿದ್ದ ಸರಪಳಿಯ ಒಂದೊಂದು ಕೊಂಡಿಯಲ್ಲೂ ಒಂದೊಂದು ಮಂಜಿನ ಹನಿ ಕೂತಿತ್ತಂತೆ. ಎತ್ತಿದರೆ ಉದುರಿಹೋಗುತ್ತವೆ ಎಂದು ಅವನು ಬಿಸಿಲು ಬರುವ ತನಕ ಅಳತೆಯನ್ನೇ ಶುರುಮಾಡಲಿಲ್ಲ. ಮೇಲಿನವರು ತಡವೇಕೆ ಎಂದು ಕೇಳಿದ್ದಕ್ಕೆ ಕಣ್ಣು ಕಾಣದಷ್ಟು ಮಂಜಿತ್ತು ಎಂದು ಸುಳ್ಳು ಬರೆದು ಕಳಿಸಿದನಂತೆ. ಇಷ್ಟು ಹೇಳಿ ಅವಳು ಬುತ್ತಿಗೆ ಕೈ ಹಾಕಿದಳು. ಉಳಿದವರು ಕೈಯಲ್ಲಿನ ತುತ್ತು ಹಿಡಿದು ಹಾಗೇ ಇದ್ದರು.

ನನ್ನ ಪುಸ್ತಕದ ತೊಂಬತ್ತನೆಯ ಪುಟದ ಸುಮಾರಿಗೆ ಬರುವ ವಿಷಯ ಅದು. ಇಲಾಖೆಯ ಪ್ರಶಂಸಾಪತ್ರ ಅಚ್ಚು ಹಾಕಿಸಲು ಜಾಗ ಸಾಲದೆ ಆ ಭಾಗವನ್ನು ಕಿತ್ತುಹಾಕೋಣವೆಂದು ಎರಡು ಸಲ ಅಂದುಕೊಂಡಿದ್ದೆ. ನನ್ನ ಹೆಂಡತಿ ಮಹಾಂತಮ್ಮನೂ ಓದದ ಪುಸ್ತಕವನ್ನು ಧೂಳಿನ ಶೆಡ್ಡಿನಲ್ಲಿ ಕೂಲಿ ಹೆಂಗಸೊಬ್ಬಳು ಬಾಯಿಪಾಠ ಹೇಳುತ್ತಿದ್ದಳು. ಅಷ್ಟು ಸಂತೋಷ ನನಗೆ ಸಮಾರಂಭದ ದಿನವೂ ಆಗಿರಲಿಲ್ಲ. ಏನೂ ತಿಳಿಯದವನ ಹಾಗೆ, ಯಾರಮ್ಮ ಆ ಸರ್ವೆಯವನು ಎಂದು ಕೇಳಿದೆ.

"ನಮ್ಮ ಸರ್ವೆ ಅಜ್ಜ," ಎಂದಳು. "ತೀರ್ಕೊಂಡಿದಾರೆ."

"ತೀರ್ಕೊಂಡಿದಾರೆ ಅಂತ ಹೆಂಗೆ ಗೊತ್ತು?"

"ಬದುಕಿರೋರು ಯಾಕೆ ಬರೀತಾರೆ ಸಾರ್? ಇನ್ನೂ ಮುಗ್ದೇ ಇರಲ್ವಲ್ಲ."

ಓದುವ ಹುಚ್ಚಿನ ಒಬ್ಬ ರಿಟೈರ್ಡ್ ಮನುಷ್ಯ, ಹಳೇ ಪುಸ್ತಕ ಹುಡುಕಿಕೊಂಡು ಬಂದಿದ್ದೇನೆ ಎಂದು ಹೇಳಿಕೊಂಡೆ. ಆಮೇಲೆ ತಿಂಗಳಿಗೊಂದೆರಡು ಸಲ ಹೋಗತೊಡಗಿದೆ. ನನ್ನ ಬಗ್ಗೆ ಇನ್ನೇನು ಹೇಳುತ್ತಾಳೋ ಕೇಳಬೇಕು ಎಂಬುದೇ ನಿಜವಾದ ಕಾರಣ. ಅವಳ ಬಗ್ಗೆ ತಿಳಿದದ್ದೆಲ್ಲ ಅದರ ನಡುವೆ ಕಿವಿಗೆ ಬಿದ್ದದ್ದು.

ಎರಡು ವರ್ಷದ ಕೂಸಾಗಿದ್ದಾಗ ಯಾರೋ ಅವಳನ್ನು ಭದ್ರಾವತಿ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿ ಹೋಗಿದ್ದರು. ಹೂವು ಮಾರುತ್ತಿದ್ದ ಒಬ್ಬ ತಮಿಳು ಮುದುಕಿ ಎತ್ತಿಕೊಂಡು ಹೋಗಿ ಸಾಕಿದಳು. ಅವಳನ್ನು ಹಾಲಮ್ಮ ಪಾಟಿ ಎಂದೇ ಕರೆಯುತ್ತಿದ್ದಳು, ಅಜ್ಜಿ ಎಂದು. ಪಾಟಿ ತೀರಿಕೊಂಡಾಗ ಹುಡುಗಿಗೆ ಹನ್ನೆರಡು ವರ್ಷ. ನಾಲ್ಕಾರು ಮನೆಯಲ್ಲಿ ಪಾತ್ರೆ ತೊಳೆದು ದೊಡ್ಡವಳಾದಳು. ಕೃಷ್ಣಪ್ಪ ಎಂಬ ಗುತ್ತಿಗೆ ಕೂಲಿಯವನು ಒಪ್ಪಿ ಮದುವೆಯಾದ. ಒಳ್ಳೆಯವನೇ ಅಂತೆ. ಮದುವೆಯಾದ ವರ್ಷ ಅತ್ತೆ ಮನೆಯಲ್ಲಿ ಹಿರಿಯರ ಹಬ್ಬ ಬಂತು. ಎಡೆಗೆ ನೀರು ಬಿಡುವಾಗ ಸೊಸೆಯೂ ತನ್ನ ತವರಿನ ಹಿರಿಯರ ಹೆಸರು ಹೇಳಿ ಕರೆಯುವುದು ಆ ಮನೆಯ ಪದ್ಧತಿ. ಚೊಂಬು ಹಿಡಿದು ನಿಂತಳು. ಹೇಳಲು ಒಂದು ಹೆಸರೂ ಇರಲಿಲ್ಲ. ಪಾಟಿಯ ಹೆಸರು ಹೇಳೋಣವೆಂದರೆ ಅವಳು ಚರ್ಚಿಗೆ ಹೋಗುತ್ತಿದ್ದವಳು, ಅವಳಿಗೆ ಎಡೆ ಸಲ್ಲದು ಎಂದುಬಿಟ್ಟರು.

ಒಂಬತ್ತು ವರ್ಷಕ್ಕೆ ಕೃಷ್ಣಪ್ಪ ಕಾಮಾಲೆಯಲ್ಲಿ ಹೋದ. ಮಕ್ಕಳಿರಲಿಲ್ಲ. ಗಂಡ ಸತ್ತ ಮೇಲಿನ ಮೊದಲ ಹಬ್ಬದ ದಿನ ಅವಳು ಅಡುಗೆಗೆ ಕೈ ಹಚ್ಚಿದಾಗ ಮೈದುನ ಪರಮೇಶ್ ಪಾತ್ರೆ ಕಸಿದುಕೊಂಡ. ಹೆಸರಿಲ್ಲದ ಮನೆಯವಳು ನಮ್ಮ ಹಿರಿಯರ ಎಡೆ ಮುಟ್ಟಬಾರದು ಎಂದ. ಗಂಡನಿಗೆ ನಾನೇ ಬೇರೆ ಇಡುತ್ತೇನೆ ಎಂದಳು. ಅದಕ್ಕೂ ಬಿಡಲಿಲ್ಲ. ಸತ್ತವನೊಬ್ಬನನ್ನು ಎರಡು ಕಡೆ ಕರೆದರೆ ಅವನು ಯಾವ ಕಡೆಯೂ ಉಣ್ಣದೆ ದಾರಿಯಲ್ಲೇ ಉಳಿಯುತ್ತಾನೆ ಎಂದು ಅತ್ತೆ ಹೇಳಿದಳಂತೆ. ಹಾಲಮ್ಮ ಅದನ್ನು ನಂಬಿದಳು. ಉಟ್ಟ ಸೀರೆಯಲ್ಲಿ ಹೊರಟುಬಂದು ಮಿಲ್ಲಿನ ಹತ್ತಿರ ಒಂದು ಕೋಣೆ ಹಿಡಿದಳು.

ಆಮೇಲಿನ ಇಪ್ಪತ್ತು ವರ್ಷ ಪ್ರತಿ ಮಹಾಲಯ ಅಮಾವಾಸ್ಯೆಗೂ ಅವಳದು ಒಂದೇ ಪಾಡು. ಇಡೀ ಸಾಲಿನಲ್ಲಿ ಎಲ್ಲರ ಮನೆಯಲ್ಲೂ ಒಗ್ಗರಣೆ, ಕೋಳಿ ಸಾರು, ಹೊಸ ಬಟ್ಟೆ. ಇವಳ ಕೋಣೆಯಲ್ಲಿ ಮಾತ್ರ ಕರೆಯಲು ಯಾರೂ ಇಲ್ಲ. ಅಕ್ಕಪಕ್ಕದವರು ಎಡೆ ಎತ್ತಿದ ಮೇಲೆ ತಟ್ಟೆಯಲ್ಲಿ ಹಾಕಿ ತಂದುಕೊಡುತ್ತಿದ್ದರು. ಅದನ್ನು ಉಂಡು ತಟ್ಟೆ ತೊಳೆದು ವಾಪಸು ಕೊಡುತ್ತಿದ್ದಳು. ಹಿಂದೆ ಸಾಕ್ಷರತಾ ಆಂದೋಲನದವರು ಕೇರಿಗೆ ಬಂದಾಗ ಕಲಿತ ನಾಲ್ಕು ಅಕ್ಷರ ಇತ್ತು. ಒಂದು ದಿನ ರಟ್ಟು ಹರಿದ ಪುಸ್ತಕವೊಂದನ್ನು ಕತ್ತಿಗೆ ಕೊಡುವ ಮೊದಲು ನಡುವಿನ ಪುಟ ಕಣ್ಣಿಗೆ ಬಿತ್ತು. ಯಾರೋ ಒಬ್ಬ ಪೋಸ್ಟ್‌ಮ್ಯಾನ್ ತನ್ನ ತಾಯಿ ಸತ್ತ ಸುದ್ದಿಯ ತಂತಿಯನ್ನು ತಾನೇ ಹೊತ್ತು ತನ್ನ ಮನೆಗೆ ಕೊಟ್ಟದ್ದನ್ನು ಬರೆದಿದ್ದ. ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು. ಮಿಲ್ಲಿನ ಮೇಸ್ತ್ರಿಯನ್ನು ಬೇಡಿಕೊಂಡು ಮನೆಗೆ ಒಯ್ದು, ಚೀಲ ಹೊಲಿಯುವ ದಬ್ಬಳದಿಂದ ಹೊಲಿದು ಇಟ್ಟುಕೊಂಡಳು. ಅದನ್ನು ಮುಗಿಸಲು ಒಂದು ಮಳೆಗಾಲ ಹಿಡಿಯಿತು. ಮುಗಿದ ದಿನ ಅತ್ತಳಂತೆ. ಇಷ್ಟು ಹತ್ತಿರದಿಂದ ತನಗೆ ಯಾರೂ ಏನನ್ನೂ ಹೇಳಿಕೊಂಡಿರಲಿಲ್ಲ ಎಂದು.

ಕಥೆ, ಕಾದಂಬರಿ ಅವಳಿಗೆ ಬೇಡ. ಬದುಕಿದವರ ಬದುಕೇ ಆಗಬೇಕು. ಹೀಗೆ ನಾಲ್ಕು ಜನ ಸೇರಿದರು. ಹೆಸರಿನ ಹಾಳೆಗಳೆಲ್ಲ ಹರಿದುಹೋಗಿದ್ದರಿಂದ ಅವರು ಮಾಡಿದ ಕೆಲಸದಿಂದಲೇ ಅವರನ್ನು ಕರೆಯುತ್ತಿದ್ದಳು: ಪೋಸ್ಟಿನ ಅಜ್ಜ, ಸೂಲಗಿತ್ತಿ ಅಜ್ಜಿ, ನಾಟಕದ ಮಾವ, ಕೊನೆಗೆ ಸೇರಿದ ನಾನು. ಅವರ ಪುಸ್ತಕದಲ್ಲಿ ಊಟದ ಮಾತು ಬಂದ ಕಡೆಯೆಲ್ಲ ಹಾಳೆ ಮಡಚಿ ಗುರುತು ಮಾಡಿದ್ದಳು. ಅಮಾವಾಸ್ಯೆಗೆ ಅದನ್ನೇ ಅಡುಗೆ ಮಾಡುತ್ತಿದ್ದಳು. ಇಪ್ಪತ್ತು ವರ್ಷದ ಮೇಲೆ ಅವಳ ಕೋಣೆಯಿಂದಲೂ ಒಗ್ಗರಣೆಯ ವಾಸನೆ ಬಂತು. ಮೊದಲ ಸಲ ಅವಳೇ ತಟ್ಟೆ ಹಿಡಿದು ಪಕ್ಕದ ಮನೆಗಳಿಗೆ ಹೋದಳು. "ನಮ್ಮ ಹಿರಿಯರದು, ತಗೊಳ್ಳಿ" ಎಂದು ಹೇಳಿ ಕೊಟ್ಟಳಂತೆ. ಇದನ್ನು ನನಗೆ ಹೇಳುವಾಗಲೂ ಅವಳ ಮುಖ ಬೆಳಗುತ್ತಿತ್ತು.

ನಾನು ಮಿಲ್ಲಿಗೆ ಹೋಗತೊಡಗಿದ ವರ್ಷದ ಅಮಾವಾಸ್ಯೆಗೆ ನನ್ನನ್ನೂ ಕರೆದಳು. ಹೋಗಬಾರದಿತ್ತು. ಹೋಗಿದ್ದಲ್ಲದೆ ಜೋಳಿಗೆಯಲ್ಲಿ ರಟ್ಟು ಗಟ್ಟಿಯಾಗಿರುವ ನನ್ನ ಪುಸ್ತಕದ ಒಂದು ಪ್ರತಿಯನ್ನೂ ಇಟ್ಟುಕೊಂಡು ಹೋದೆ.

ಕೋಣೆಯಲ್ಲಿ ಮೂರು ಎಲೆ ಒಂದು ಸಾಲು, ನನ್ನದು ಮಾತ್ರ ಗೋಡೆಯ ಪಕ್ಕಕ್ಕೆ ಬೇರೆ. ಉಳಿದವರಿಗೆ ಕೋಳಿ ಸಾರಿತ್ತು. ಸರ್ವೆ ಅಜ್ಜ ಲಿಂಗ ಕಟ್ಟಿದವರು, ಅವರಿಗೆ ಆಗುವುದಿಲ್ಲ ಎಂದು ಬೇರೆ ಪಾತ್ರೆ, ಬೇರೆ ಸೌಟು. ಎಲೆಯ ಮೇಲೆ ಅಕ್ಕಿ ರೊಟ್ಟಿ, ಹುರುಳಿಕಟ್ಟಿನ ಸಾರು. ಪಕ್ಕದಲ್ಲಿ ಸರಿಯಾಗಿ ಅರ್ಧ ಲೋಟ ಕಾಫಿ. ಲೋಟ ತುಂಬ ಕುಡಿದರೆ ನನಗೆ ಎದೆ ಉರಿಯುತ್ತದೆ ಎಂದು ಎಲ್ಲೋ ಒಂದು ಕಡೆ ಬರೆದಿದ್ದೆ. ಮಹಾಂತಮ್ಮ ಇವತ್ತಿಗೂ ಲೋಟ ತುಂಬಿಸಿಯೇ ಕೊಡುತ್ತಾಳೆ. ಎಲೆಗಳ ತಲೆಗೆ ಒಂದೊಂದು ಹೊಲಿದ ಪುಸ್ತಕ, ಮೇಲೆ ಒಂದೊಂದು ಹೂವು. ಹಾಲಮ್ಮ ಒಬ್ಬೊಬ್ಬರನ್ನೇ ಕರೆದಳು. "ಸರ್ವೆ ಅಜ್ಜ, ಬಾರಪ್ಪ, ಉಣ್ಣು" ಎಂದು ನೀರು ಬಿಟ್ಟು, ಬಾಗಿಲು ಮುಂದೆ ಮಾಡಿ ಹೊರಗೆ ಬಂದಳು.

ಕಟ್ಟೆಯ ಮೇಲೆ ಕೂತೆವು. ನನಗೆ ತಡೆಯಲಾಗಲಿಲ್ಲ. ನನ್ನನ್ನು ಇಷ್ಟು ತಿಳಿದುಕೊಂಡವರು ಪ್ರಪಂಚದಲ್ಲಿ ಇನ್ನೊಬ್ಬರಿಲ್ಲ, ಅವಳಿಗೂ ಸಂತೋಷವಾಗಲಿ ಎಂದುಕೊಂಡೆ. ಹಾಗೆಂದು ಈಗ ಹೇಳುತ್ತಿದ್ದೇನೆ. ನಿಜ ಹೇಳಬೇಕೆಂದರೆ ಅವಳು ಆ ಪ್ರೀತಿಯ ಕಣ್ಣಿನಿಂದ ಪುಸ್ತಕವನ್ನಲ್ಲ, ನನ್ನನ್ನು ನೋಡಬೇಕಿತ್ತು. ಜೋಳಿಗೆಯಿಂದ ಪುಸ್ತಕ ತೆಗೆದು ರಟ್ಟಿನ ಮೇಲಿನ ಫೋಟೊ ತೋರಿಸಿದೆ.

"ಹಾಲಮ್ಮ, ಆ ಅಜ್ಜ ನಾನೇ."

ಅವಳು ಫೋಟೊ ನೋಡಿದಳು, ನನ್ನನ್ನು ನೋಡಿದಳು. ಒಳಗೆ ಓಡಿ ನನ್ನ ಎಲೆಯನ್ನು ಬಡಿಸಿದ್ದರ ಸಮೇತ ಸುತ್ತಿ ಎತ್ತಿ, ಆ ಜಾಗಕ್ಕೆ ನೀರು ಸುರಿದು, ಬಂದು ನನ್ನ ಕಾಲು ಹಿಡಿದುಕೊಂಡಳು. ಬದುಕಿರುವವರಿಗೆ ಮೂರು ವರ್ಷ ಎಡೆ ಇಟ್ಟೆ, ನಿಮ್ಮ ಆಯುಸ್ಸು ತಿಂದೆ, ತಪ್ಪಾಯಿತು ಎಂದು ಅಳತೊಡಗಿದಳು. ನನಗೇನೂ ಆಗಿಲ್ಲ, ನೋಡು, ಕಲ್ಲಿನ ಹಾಗಿದ್ದೇನೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಎದ್ದು ಕೂತು ಬಾಗಿಲ ಕಡೆ ನೋಡಿದಳು.

"ಹಂಗಾದ್ರೆ ಇವರೆಲ್ಲ?"

ಗೊತ್ತಿಲ್ಲ ಎನ್ನಬಹುದಿತ್ತು. ಅವರೆಲ್ಲ ಹೋಗಿ ಯಾವುದೋ ಕಾಲವಾಯಿತು, ಅವರಿಗೆ ನೀನೊಬ್ಬಳೇ ದಿಕ್ಕು ಎಂದು ಸುಳ್ಳು ಹೇಳಬಹುದಿತ್ತು. ಮಂಜಿನ ಹನಿಗಾಗಿ ಸರ್ಕಾರಕ್ಕೇ ಸುಳ್ಳು ಬರೆದವನು ನಾನು. ಆದರೆ ಆ ದಿನ ನನ್ನೊಳಗಿನ ಸರ್ವೆಯರ್ ಎದ್ದು ನಿಂತ. ವಿಚಾರಿಸಿ ಹೇಳುತ್ತೇನೆ ಎಂದೆ. ಶಿವಮೊಗ್ಗಕ್ಕೆ ಬಂದು ಎರಡು ತಿಂಗಳು ಅಂಚೆ ಇಲಾಖೆಯ ಹಳಬರನ್ನೆಲ್ಲ ಕೇಳಿ, ಪೋಸ್ಟ್‌ಮ್ಯಾನ್ ಮನೆಯನ್ನು ಪತ್ತೆ ಹಚ್ಚಿಯೇಬಿಟ್ಟೆ. ಹೊಸ ಗಡಿಕಲ್ಲು ನೆಟ್ಟವನ ಹಾಗೆ ಬೀಗುತ್ತ ಹೋಗಿ ಹಾಲಮ್ಮನಿಗೆ ವರದಿ ಒಪ್ಪಿಸಿದೆ. ಪೋಸ್ಟಿನ ಅಜ್ಜ ನಿಜವಾಗಿಯೂ ತೀರಿಕೊಂಡಿದ್ದಾರೆ, ನಿನ್ನ ಎಡೆ ತಪ್ಪಲ್ಲ. ನಾಲ್ಕು ಗಂಡುಮಕ್ಕಳು, ಎಲ್ಲರೂ ಪ್ರತಿ ವರ್ಷ ಒಂದೇ ಕಡೆ ಸೇರಿ ಅದ್ಧೂರಿಯಾಗಿ ಎಡೆ ಇಡುತ್ತಾರೆ. ಕೇಳಿ ಸಮಾಧಾನಪಡುತ್ತಾಳೆ ಎಂದುಕೊಂಡಿದ್ದೆ.

"ಅಲ್ಲೇ ಉಣ್ತಿದ್ದರಲ್ಲ ಅವ್ರು," ಎಂದಳು. "ನಾನ್ ಕರ್ದು ಕರ್ದು ದಾರೀಲಿ ನಿಲ್ಲಿಸ್ಬಿಟ್ಟೆ."

ಎರಡು ಕಡೆ ಕರೆಯಬಾರದೆಂಬ ಅವಳ ಅತ್ತೆಯ ಮಾತು ನನಗೆ ಆಗ ನೆನಪಾಯಿತು. ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನಾಲ್ಕೂ ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟಿ ಮೇಲಿಟ್ಟಳು. ಊಟದ ಹೊತ್ತಿನಲ್ಲಿ ಕಥೆ ಹೇಳುವುದು ನಿಂತಿತು ಎಂದು ಅವಳ ಪಕ್ಕ ಕೂರುತ್ತಿದ್ದ ರಂಜಿನಿ ಎಂಬ ಹೆಂಗಸು ನನಗೆ ಹೇಳಿದಳು. ಮುಂದಿನ ಅಮಾವಾಸ್ಯೆಗೆ ಹಾಲಮ್ಮನ ಕೋಣೆಯಲ್ಲಿ ಒಲೆ ಹತ್ತಲಿಲ್ಲ. ಪಕ್ಕದ ಮನೆಯವರು ಮತ್ತೆ ತಟ್ಟೆಯಲ್ಲಿ ಹಾಕಿ ತಂದುಕೊಟ್ಟರು.

ಆ ಹೊತ್ತಿಗೆ ಧೂಳು ಅವಳ ಶ್ವಾಸಕೋಶವನ್ನು ಮುಗಿಸಿತ್ತು. ಹತ್ತು ಹೆಜ್ಜೆ ನಡೆದರೆ ಕೂರಬೇಕು. ಶಿವಮೊಗ್ಗದ ಆಸ್ಪತ್ರೆಗೆ ನಾನೇ ಸೇರಿಸಿದೆ, ದಿನವೂ ಹೋಗಿ ಕೂರುತ್ತಿದ್ದೆ. ಮಾಡಿದ್ದಕ್ಕೆ ಏನಾದರೂ ಮಾಡಬೇಕಲ್ಲ. ಬರೆಯುವುದೊಂದು ಬಿಟ್ಟು ನನಗೆ ಬೇರೆ ಏನೂ ಬರುವುದಿಲ್ಲ. ನಿನ್ನ ಬದುಕನ್ನು ಬರೆಯುತ್ತೇನೆ, ಹೇಳು ಎಂದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಆಗಲಿ ಎಂದಳು. ಬೆಂಚಿನಿಂದ ಹಿಡಿದು ಶೆಡ್ಡಿನ ತನಕ ಹನ್ನೊಂದು ದಿನ ಹೇಳಿದಳು. ನಲವತ್ತು ಪುಟ ತುಂಬಿತು. ಕೊನೆಯ ದಿನ ಎರಡು ಮಾತು ಹೇಳಿದಳು. ಉಸಿರಿಗೆ ಕಷ್ಟಪಡುತ್ತಿದ್ದಳು, ನಾನು ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಯಿತು.

"ಹೆಸರು ರಟ್ಟಿನ ಮೇಲೆ ಬೇಡ. ಅದನ್ನ ಮೊದ್ಲು ಹರೀತಾರೆ. ಮಧ್ಯದ ಹಾಳೇಲಿ ಬರೀರಿ."

ಆಗಲಿ ಎಂದೆ.

"ಯಾರಾದ್ರೂ ಓದ್ಲಿ. ನನ್ ಥರ ಹಿರಿಯರು ಇಲ್ದೋರು ಯಾರಾದ್ರೂ ಇರ್ತಾರೆ. ನನ್ನ ಕರ್ಯೋರು ಬೇರೆ ಯಾರೂ ಇಲ್ವಲ್ಲ, ದಾರಿ ತಪ್ಪಲ್ಲ. ಅಂಥೋರು ಕರದ್ರೆ ಬರ್ತೀನಿ."

ಸಂಕ್ರಾಂತಿ ಕಳೆದ ವಾರ ಹೋದಳು. ಮಣ್ಣು ಮಾಡಲು ಶೆಡ್ಡಿನ ಹೆಂಗಸರು, ನಾನು. ಪರಮೇಶನಿಗೆ ಹೇಳಿಕಳಿಸಿದ್ದೆವು, ಬರಲಿಲ್ಲ.

ಇವತ್ತು ಮತ್ತೆ ಮಹಾಲಯ ಅಮಾವಾಸ್ಯೆ. ನಮ್ಮ ಮನೆಯಲ್ಲಿ ಹಿರಿಯರ ಪೂಜೆ ದೀಪಾವಳಿಗೆ, ಈ ಹಬ್ಬ ನಮಗಿಲ್ಲ. ಅವಳನ್ನು ಕರೆಯುವ ಇನ್ನೊಬ್ಬರು ಸಿಗುವವರೆಗೆ ನಾನೇ ಕರೆಯುತ್ತೇನೆ ಎಂದು ಮಹಾಂತಮ್ಮನಿಗೆ ಹೇಳಿದೆ. ನಲವತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ಇಂಥ ಎಷ್ಟೋ ಹುಚ್ಚು ನೋಡಿದವಳು, ಆಯಿತು ಎಂದು ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ಬಾಗಿಲಿಗೆ ಬಂದು ಕೇಳಿದಳು.

"ಅವಳಿಗೆ ಏನು ಇಷ್ಟ? ಅದನ್ನೇ ಮಾಡ್ತೀನಿ."

ನಾನು ನಲವತ್ತು ಪುಟವನ್ನೂ ತಿರುವಿ ಹಾಕಿದೆ. ಬೆಂಚಿದೆ, ಪಾಟಿಯಿದ್ದಾಳೆ, ಚೊಂಬು ಹಿಡಿದು ನಿಂತದ್ದಿದೆ, ಕಸಿದುಕೊಂಡ ಪಾತ್ರೆಯಿದೆ. ಪೋಸ್ಟಿನ ಅಜ್ಜನಿಗೆ ಗಸಗಸೆ ಪಾಯಸ ಇಷ್ಟ ಎಂದಿದೆ, ಸೂಲಗಿತ್ತಿ ಅಜ್ಜಿಗೆ ಸುಟ್ಟ ಗೆಣಸು ಎಂದಿದೆ, ನನ್ನ ಅರ್ಧ ಲೋಟ ಕಾಫಿಯೂ ಇದೆ. ಹಾಲಮ್ಮನಿಗೆ ಏನು ಇಷ್ಟ ಎಂದು ಒಂದು ಸಾಲೂ ಇಲ್ಲ. ಹನ್ನೊಂದು ದಿನ ಮಂಚದ ಪಕ್ಕ ಕೂತು ನಾನು ಕೇಳಿಯೇ ಇರಲಿಲ್ಲ. ರಂಜಿನಿಗೆ ಫೋನ್ ಮಾಡಿದೆ. ಅವಳು ಯೋಚಿಸಿ ಯೋಚಿಸಿ, ನಾವು ಏನು ಕೊಟ್ಟರೂ ತಿನ್ನುತ್ತಿದ್ದಳು ಸಾರ್ ಎಂದಳು.

ಎಲೆ ಹಾಕಿ ನೀರು ಚಿಮುಕಿಸಿದ್ದೇನೆ. ಅನ್ನ ಬಡಿಸಿದ್ದಾಗಿದೆ. ಮಹಾಂತಮ್ಮ ಸೌಟು ಹಿಡಿದು ನಿಂತಿದ್ದಾಳೆ, ಮುಂದೆ ಏನು ಬಡಿಸಲಿ ಎಂದು ಕೇಳುತ್ತಿದ್ದಾಳೆ.